ಭಾವನ ಬ್ರೇಕು

ನನ್ನ ಭಾವನ ಬಳಿ ಒಂದು ವಿಶೇಷವಾದ ಕಾರಿದೆ. ಅದಕ್ಕೆ ಸ್ಟಿಯರಿಂಗ್ ಇಲ್ಲ, ಹಾರ್ನ್ ಇಲ್ಲ, ಆಕ್ಸಿಲರೇಟರ್ ಅಂತೂ ಇಲ್ಲವೇ ಇಲ್ಲ. ಇರುವುದು ಬ್ರೇಕ್ ಒಂದೇ. ಆ ಬ್ರೇಕ್ ಕೂಡ ನಮ್ಮ ನಿಮ್ಮಂಥವರ ಕಣ್ಣಿಗೆ ಕಾಣುವಂಥದ್ದಲ್ಲ! ಆದರೂ ಕತಾರಿನ ರಸ್ತೆಗಳಲ್ಲಿ ಅವರಷ್ಟು ಬ್ರೇಕ್ ಒತ್ತಿದ ಮನುಷ್ಯ ಇನ್ನೊಬ್ಬರಿದ್ದರೆ ತೋರಿಸಿ, ಅವರಿಗೂ ಒಂದು ಹಾರ ಹಾಕುತ್ತೇನೆ.

ಬಿಡಿಸಿ ಹೇಳುತ್ತೇನೆ. ಭಾವ ಎಂದರೆ ನನ್ನ ಅಕ್ಕನ ಗಂಡ. ಉಡುಪಿ ಕಡೆಯವರು. ಈಗ ಕತಾರಿನ ಅಲ್ ವುಕೈರ್‌ನ ಒಂದು ಫ್ಲ್ಯಾಟಿನಲ್ಲಿ ಅಕ್ಕ ಮತ್ತು ಒಬ್ಬಳೇ ಮಗಳು ಧನ್ಯಾಳೊಂದಿಗೆ ಇದ್ದಾರೆ. ಧನ್ಯಾಳಿಗೆ ಹದಿನೆಂಟು ತುಂಬಿ ಡ್ರೈವಿಂಗ್ ಲೈಸೆನ್ಸ್ ಸಿಕ್ಕಿದಂದಿನಿಂದ ಅವಳು ಗಾಡಿ ಓಡಿಸುವುದು, ಇವರು ಪಕ್ಕದ ಸೀಟಿನಲ್ಲಿ ಕೂತು ಬ್ರೇಕ್ ಒತ್ತುವುದು. ಊರಿನಲ್ಲಾದರೆ ಪಕ್ಕದ ಸೀಟು ಎಡಗಡೆ ಇರುತ್ತದೆ. ಇಲ್ಲಿ ಎಲ್ಲವೂ ಉಲ್ಟಾ. ಸ್ಟಿಯರಿಂಗ್ ಎಡಕ್ಕೆ, ಪಕ್ಕದವರು ಬಲಕ್ಕೆ. ಊರಿನಲ್ಲಿ ವರ್ಷಗಟ್ಟಲೆ ಜೀಪು ಓಡಿಸಿದ ಭಾವನ ಬಲಗಾಲಿಗೆ ಈ ಸುದ್ದಿಯನ್ನು ಯಾರೂ ಮುಟ್ಟಿಸಿದಂತಿಲ್ಲ. ಬಲಗಡೆಯ ಸೀಟು ಸಿಕ್ಕಿತೋ, ಅದು ತನ್ನದೇ ಸೀಟೆಂದು ತಿಳಿದು ಕೆಲಸಕ್ಕೆ ಇಳಿದುಬಿಡುತ್ತದೆ. ಮುಂದಿನ ಕಾರಿನ ಹಿಂದೀಪ ಹೊತ್ತಿದರೆ ದಡ್! ಸಿಗ್ನಲ್ ಹಳದಿಯಾದರೆ ದಡ್! ಗಾಳಿಗೆ ಹಾರಿಬಂದ ಪ್ಲಾಸ್ಟಿಕ್ ಚೀಲ ಕಂಡರೂ ದಡ್! ಅವರ ಕಾಲಡಿಯ ರಬ್ಬರ್ ಮ್ಯಾಟು ಒಂದೇ ಜಾಗದಲ್ಲಿ ಸವೆದು ಸವೆದು ತೂತು ಬೀಳುವ ಸ್ಥಿತಿಗೆ ಬಂದಿದೆ. ಡ್ರೈವರ್ ಸೀಟಿನ ಮ್ಯಾಟು ಮಾತ್ರ ಹೊಸದರ ಹಾಗೆ ಹೊಳೆಯುತ್ತಿದೆ.

ಭಾವ ಕಟ್ಟಡ ಕಟ್ಟುವ ಕಂಪನಿಯೊಂದರಲ್ಲಿ ಸೇಫ್ಟಿ ಆಫೀಸರ್. ಹೆಲ್ಮೆಟ್ ಹಾಕದವರನ್ನು ಬೈಯುವುದು, ಬೆಲ್ಟ್ ಕಟ್ಟದೆ ಮೇಲೆ ಹತ್ತಿದವರನ್ನು ಕೆಳಗಿಳಿಸುವುದು ಅವರ ಉದ್ಯೋಗ. ಎಲ್ಲರೂ ಸಂಜೆ ಆಫೀಸು ಬಿಟ್ಟು ಮನೆಗೆ ಬರುತ್ತಾರೆ. ಇವರು ಆಫೀಸನ್ನೂ ಜೊತೆಗೇ ಕರೆದುಕೊಂಡು ಬರುತ್ತಾರೆ. ನನ್ನ ಗಂಡನಿಗೆ ದುಖಾನ್‌ನ ತೈಲ ಕಂಪನಿಯಲ್ಲಿ ಕೆಲಸ, ನಮ್ಮ ಮನೆಯೂ ಅಲ್ಲೇ, ದೇಶದ ಆಚೆ ತುದಿಯಲ್ಲಿ. ಅಷ್ಟು ದೂರದಿಂದ ನಾವು ಅಕ್ಕನ ಮನೆಗೆ ಹೋದರೆ, ಚಪ್ಪಲಿ ಕಳಚುವ ಮೊದಲೇ ಭಾವ ಮೆಟ್ಟಿಲು ಎಲ್ಲಿದೆ ಎಂದು ತೋರಿಸುತ್ತಾರೆ.

"ಬೆಂಕಿ ಗಿಂಕಿ ಆದ್ರೆ ಲಿಫ್ಟಿಗೆ ಹೋಗುದಲ್ಲ, ಆಯ್ತಾ? ಸೀದಾ ಇದರಲ್ಲಿ ಇಳಿಯುದು."

ನನ್ನ ಗಂಡ ಮೈಸೂರಿನವರು. ಮನೆಯಲ್ಲಿ ತುಳು ಮಾತಾಡುವ ನಾವೆಲ್ಲ ಅವರಿಗೋಸ್ಕರ ಕನ್ನಡಕ್ಕೆ ತಿರುಗುವುದು ರೂಢಿ. ಅವರು ತಣ್ಣಗೆ ಕೇಳುತ್ತಾರೆ: "ಬೆಂಕಿ ಬೀಳೋಕ್ ಮುಂಚೆ ಒಂದ್ ಲೋಟ ಕಾಫಿ ಸಿಗುತ್ತಾ ಭಾವ?"

ಅಕ್ಕ ಗೋಳಿಬಜೆ ಕರಿಯುವಾಗಲೂ ಅಷ್ಟೆ. ಒಲೆಯ ಪಕ್ಕದಲ್ಲಿ ಬೆಂಕಿ ಆರಿಸುವ ಕಂಬಳಿ ಬಿಡಿಸಿ ಹಿಡಿದುಕೊಂಡು ಇವರು ಸಿದ್ಧರಾಗಿ ನಿಂತಿರುತ್ತಾರೆ. "ಎಂತಕ್ಕೆ ಮಾರಾಯ್ರೆ, ಬಜೆಗೆ ಚಳಿ ಆಗ್ತದಾ?" ಎಂದು ಅಕ್ಕ ಕೇಳುತ್ತಾಳೆ, ಇವರು ಜಪ್ಪಯ್ಯ ಅಂದರೂ ಕದಲುವುದಿಲ್ಲ. ಇಂಥವರ ಮಗಳು ಡ್ರೈವಿಂಗ್ ಕಲಿತರೆ ಏನಾಗಬಹುದು, ಯೋಚಿಸಿ!

ಲೈಸೆನ್ಸ್ ಬಂದ ದಿನ ಧನ್ಯಾ ಕುಣಿದದ್ದೇ ಕುಣಿದದ್ದು. ಅಕ್ಕ ಕ್ಯಾರೆಟ್ ಹಲ್ವ ಮಾಡಿದ್ದಳು. ನಾವೂ ದುಖಾನ್‌ನಿಂದ ಹೋಗಿದ್ದೆವು. ಭಾವ ಮಗಳ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಕಂಗ್ರಾಟ್ಸ್" ಎಂದರು. ಆಮೇಲೆ ಒಳಗೆ ಹೋಗಿ ಕೆಂಪು ಬಣ್ಣದ ಒಂದು ಟ್ಯಾಗ್ ತಂದು ಕಾರಿನ ಕೀಲಿಗೆ ಕಟ್ಟಿದರು.

ಕಟ್ಟಡದ ಕೆಲಸದಲ್ಲಿ ಸಾರುವೆಗೆ ಹೀಗೆ ಬಣ್ಣದ ಟ್ಯಾಗ್ ನೇತುಹಾಕುತ್ತಾರಂತೆ. ಕೆಂಪು ಇದ್ದರೆ ಹತ್ತಬಾರದು. ಹಳದಿ ಇದ್ದರೆ ಹೇಳಿದಷ್ಟೇ ಹತ್ತಬಹುದು, ಅದೂ ಹುಷಾರಾಗಿ. ಹಸಿರು ಇದ್ದರೆ ಯಾವ ಹೆದರಿಕೆಯೂ ಇಲ್ಲ. ಕೆಲವು ದೇಶಗಳಲ್ಲಿ ಹೊಸ ಹುಡುಗ ಹುಡುಗಿಯರಿಗೆ ಹೀಗೆಯೇ ಹಂತಹಂತವಾಗಿ ಲೈಸೆನ್ಸ್ ಕೊಡುತ್ತಾರೆಂದು ಭಾವ ಎಲ್ಲೋ ನೋಡಿದ್ದರು. ಮೊದಲು ದೊಡ್ಡವರು ಪಕ್ಕದಲ್ಲಿರಬೇಕು, ಆಮೇಲೆ ಹಗಲಲ್ಲಿ ಮಾತ್ರ, ಗೆಳೆಯರನ್ನು ತುಂಬಿಕೊಳ್ಳುವ ಹಾಗಿಲ್ಲ, ಎಲ್ಲ ಪಳಗಿದ ಮೇಲೆ ಪೂರ್ತಿ ಬಿಡುಗಡೆ. ಇದು ಅವರ ಮನಸ್ಸಿಗೆ ಎಷ್ಟು ಹಿಡಿಸಿತೆಂದರೆ, ಆ ಕ್ಷಣದಿಂದ ಅವರ ಮನೆಯ ಮಟ್ಟಿಗೆ ಅವರೇ ಟ್ರಾಫಿಕ್ ಇಲಾಖೆ ಆಗಿಬಿಟ್ಟರು.

"ಅಪ್ಪಾ, ದಿಸ್ ಈಸ್ ನಾಟ್ ಫೇರ್! ಗವರ್ನ್‌ಮೆಂಟೇ ಲೈಸೆನ್ಸ್ ಕೊಟ್ಟಿದೆ. ನಿಮ್ಮದು ಎಂತ ಇದು ಎಕ್ಸ್‌ಟ್ರಾ?" ಎಂದು ಧನ್ಯಾ ಕೂಗಿದಳು.

"ಲೈಸೆನ್ಸ್ ಕೊಟ್ಟದ್ದು ಗವರ್ನ್‌ಮೆಂಟ್, ಸರಿ. ಮಗಳನ್ನು ಕೊಟ್ಟದ್ದು ಗವರ್ನ್‌ಮೆಂಟ್ ಅಲ್ಲ ಅಲ್ವಾ?" ಎಂದರು ಭಾವ. ಹಾಗೆಂದು ಹಲ್ವದ ಬಟ್ಟಲು ಎತ್ತಿಕೊಂಡು ತಿನ್ನತೊಡಗಿದರು. ಅಲ್ಲಿಗೆ ಚರ್ಚೆ ಖಲಾಸ್.

ಕೆಂಪು ಟ್ಯಾಗಿನ ಕಾಲದಲ್ಲಿ ಧನ್ಯಾಳ ಪ್ರಪಂಚವೆಂದರೆ ಬಿಲ್ಡಿಂಗಿನ ಹಿಂದಿನ ಖಾಲಿ ಮೈದಾನ. ಶುಕ್ರವಾರ ಬೆಳಿಗ್ಗೆ ಊರೆಲ್ಲ ಮಲಗಿರುವಾಗ ಅಪ್ಪ ಮಗಳು ಕೆಳಗಿಳಿಯುತ್ತಿದ್ದರು. ಸೀದಾ ಗಾಡಿ ಹತ್ತುವ ಹಾಗಿಲ್ಲ! ಮೊದಲು ಭಾಷಣ. ಸೈಟಿನಲ್ಲಿ ಕೆಲಸದವರನ್ನು ಸಾಲಾಗಿ ನಿಲ್ಲಿಸಿ ಇವತ್ತಿನ ಅಪಾಯಗಳೇನು ಎಂದು ಹೇಳುವುದು ಭಾವನ ದಿನದ ಮೊದಲ ಕೆಲಸ. ಇಲ್ಲಿ ಸಾಲಿನಲ್ಲಿ ನಿಲ್ಲುವವಳು ಒಬ್ಬಳೇ. ಆದರೂ ಭಾವ ಹಿಂದಿನ ಸಾಲಿಗೆ ಕೇಳಿಸಬೇಕೆಂಬಂತೆ ಗಟ್ಟಿಯಾಗಿ ಮಾತಾಡುತ್ತಿದ್ದರು. ಭಾಷಣ ಮುಗಿದ ಮೇಲೆ ಗಾಡಿಗೊಂದು ಸುತ್ತು ಬಂದು ಟೈರು ನೋಡಬೇಕು, ಬಗ್ಗಿ ಅಡಿಗೆ ನೋಡಬೇಕು, ಬಾನೆಟ್ಟಿನ ಮೇಲೆ ಕೈಯಿಂದ ತಟ್ಟಬೇಕು. ಇಲ್ಲಿನ ಬೆಕ್ಕುಗಳು ನೆರಳಿಗೆಂದು ಗಾಡಿಯಡಿ ಸೇರಿಕೊಳ್ಳುತ್ತವೆ, ಅವಕ್ಕೆ ನೋಟೀಸು ಕೊಡಬೇಡವೇ?

ಇವರು ವಾರವಾರವೂ ಗಾಡಿಯ ಸುತ್ತ ತಿರುಗುವುದು, ಬಗ್ಗುವುದು, ಬಾನೆಟ್ಟು ಬಡಿಯುವುದನ್ನು ಎರಡನೇ ಮಹಡಿಯ ಮಲಯಾಳಿ ನೆರೆಯವರು ಬಾಲ್ಕನಿಯಿಂದ ನೋಡುತ್ತಿದ್ದರಂತೆ. ಒಂದು ಶುಕ್ರವಾರ ಕರುಣೆ ತಡೆಯಲಾರದೆ, ಲುಂಗಿ ಎತ್ತಿಕಟ್ಟಿ ಜಂಪರ್ ಕೇಬಲ್ ಸಮೇತ ಇಳಿದೇ ಬಂದರು. "ಬ್ಯಾಟರಿ ಖಲಾಸ್, ಭಾಯ್?" ಎಂದು ಕೇಳಿದರು. ಪಾಪ, ಅವರಿಗೂ ಬೆಕ್ಕಿನ ಮೇಲೆ ಅರ್ಧ ಗಂಟೆ ಪಾಠ ಆಯಿತು.

ಹಳದಿ ಟ್ಯಾಗ್ ಬಂದದ್ದು ಬೇಸಿಗೆ ಕಳೆದ ಮೇಲೆ. ಈಗ ರಸ್ತೆಗಿಳಿಯಬಹುದು. ಆದರೆ ಅಪ್ಪ ಪಕ್ಕದಲ್ಲಿರಬೇಕು, ಬೆಳಕಿರಬೇಕು, ಎಲ್ಲರ ಫೋನುಗಳೂ ಡಿಕ್ಕಿಯಲ್ಲಿರಬೇಕು. ಮೊದಲ ರೌಂಡ್‌ಅಬೌಟಿನ ದಿನ ಅಕ್ಕನೂ ಹಿಂದಿನ ಸೀಟಿನಲ್ಲಿದ್ದಳು. ಧನ್ಯಾ ಚೆನ್ನಾಗಿಯೇ ಒಳಗೆ ನುಗ್ಗಿದಳು. ಹೊರಗೆ ಬರುವ ಜಾಗ ಬಂದಾಗ ಪಕ್ಕದಲ್ಲಿ ಒಂದು ನೀರಿನ ಟ್ಯಾಂಕರ್ ಇತ್ತು. "ಬೇಡ, ಬೇಡ! ಇನ್ನೊಂದು ಸುತ್ತು!" ಎಂದರು ಭಾವ. ಎರಡನೆಯ ಸುತ್ತಿಗೆ ಒಂದು ಸ್ಕೂಟರ್ ಇತ್ತು. "ಇನ್ನೊಂದು!" ಮುಂದಿನ ಸುತ್ತಿಗೆ ಏನೂ ಇರಲಿಲ್ಲ. ಏನೂ ಇಲ್ಲವಲ್ಲ, ಅದು ಹೇಗೆ ಎಂದು ಭಾವನಿಗೆ ಅನುಮಾನ ಬಂತು. "ಇನ್ನೊಂದು!" ಹೊರಗೆ ಕಾಯುತ್ತಿದ್ದ ಪಿಕಪ್ಪಿನವನು ಕೈ ಹೊರಗೆ ಹಾಕಿ, ಬೇಗ ನಡೀರಿ ಎಂಬಂತೆ "ಯಲ್ಲಾ! ಯಲ್ಲಾ!" ಎಂದು ಅರಚತೊಡಗಿದ.

ಹಿಂದಿನಿಂದ ಅಕ್ಕನ ಸ್ವರ ಬಂತು. "ಎಂತ ಮಾರಾಯ್ರೆ, ಇದು ದೇವಸ್ಥಾನವಾ? ಆಗಿದ್ರೂ ನೀವು ಸುತ್ತು ಬರ್ತಾ ಇರುದು ಅಪ್ರದಕ್ಷಿಣೆ. ಒಂದು ಪುಣ್ಯವೂ ಬರುದಿಲ್ಲ. ಹೊರಗೆ ಹೋಗ್ಲಿಕ್ಕೆ ಬಿಡಿ!"

ಗೆಳತಿಯರ ವಿಷಯ ಇನ್ನೂ ದೊಡ್ಡದು. ಹೊಸ ಡ್ರೈವರ್ ಪಕ್ಕ ಅದೇ ವಯಸ್ಸಿನವರು ಕೂತರೆ ಮಾತಿನ ಕಡೆಗೆ ಗಮನ ಹೋಗುತ್ತದೆ ಎಂಬುದು ಭಾವನ ವಾದ. ಅದು ಸುಳ್ಳಲ್ಲ ಬಿಡಿ. ಆದರೆ ಧನ್ಯಾ ಹಟ ಹಿಡಿದಳು. ಕೊನೆಗೆ ಒಬ್ಬಳೇ ಗೆಳತಿಗೆ ಅನುಮತಿ ಸಿಕ್ಕಿತು. ಆ ಹುಡುಗಿಗೆ ಮೊದಲು ಸಂದರ್ಶನ.

"ನೀನು ನಗುದು ಹೇಗೆ? ಮೆಲ್ಲಗೆಯಾ, ಜೋರಾಗಿಯಾ? ಒಮ್ಮೆ ನಕ್ಕು ತೋರಿಸು ನೋಡುವಾ."

ಪಾಪದ ಹುಡುಗಿ ಹೆದರಿ ನಗಲೇ ಇಲ್ಲ. ಅದರಿಂದಾಗಿಯೇ ಪಾಸಾದಳು. ಅವಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಗಾಡಿ ನಿಂತಿರುವಾಗ ಮಾತ್ರ ಮಾತಾಡಬಹುದೆಂದು ಭಾವ ಕಾನೂನು ಮಾಡಿದರು. ಸಿಗ್ನಲ್ ಕೆಂಪಾದ ಕೂಡಲೇ ಇಬ್ಬರೂ ಕಟ್ಟೆಯೊಡೆದ ಹಾಗೆ, "ಯು ನೋ ವಾಟ್", "ಓ ಮೈ ಗಾಡ್", "ದೆನ್ ಶೀ ಸೆಡ್" ಎಂದು ಶುರು ಮಾಡುತ್ತಿದ್ದರು. ಹಸಿರಾದರೆ ಅರ್ಧ ವಾಕ್ಯಕ್ಕೇ ಬಾಯಿ ಬಂದ್! ಮುಂದಿನ ಸಿಗ್ನಲ್ ಹಸಿರಿದ್ದರೆ ಕತೆ ಹಾಗೆಯೇ ನೇತಾಡುತ್ತಿತ್ತು. ಒಂದು ದಿನ ಎಲ್ಲ ಸಿಗ್ನಲ್ಲುಗಳೂ ಸಾಲಾಗಿ ಹಸಿರು ಸಿಕ್ಕಿ, ಯಾವಳೋ ಏನು ಹೇಳಿದಳೆಂಬುದು ಮಾಲ್ ಬರುವ ತನಕ ಗೊತ್ತಾಗಲಿಲ್ಲ. ತಮಾಷೆಯೆಂದರೆ, ಕೊನೆಗೆ ತಡೆಯಲಾರದೆ "ಅವಳು ಎಂತ ಹೇಳಿದ್ಳಾ ಮತ್ತೆ?" ಎಂದು ಕೇಳಿದವರು ಭಾವನೇ!

ನಕ್ಕು ನಕ್ಕು ನಮಗೆ ಹೊಟ್ಟೆ ಹುಣ್ಣಾಗುತ್ತಿತ್ತು. ಆದರೆ ಧನ್ಯಾಳಿಗೆ ನಗು ಬರುವುದು ನಿಂತಿತ್ತು. ಕಾಲೇಜು ಶುರುವಾಗಿತ್ತು. ಜೊತೆಯವರೆಲ್ಲ ತಾವೇ ಗಾಡಿ ಓಡಿಸಿಕೊಂಡು ಬರುತ್ತಿದ್ದರು. ಇವಳು ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗಿ, ಗೇಟಿನಲ್ಲಿಳಿದು, ಕೀಲಿ ಅಪ್ಪನ ಕೈಗೆ ಕೊಡಬೇಕು. ಹಸಿರು ಟ್ಯಾಗಿನ ಸುದ್ದಿಯೇ ಇರಲಿಲ್ಲ. ಧೂಳಿನ ಗಾಳಿಯಲ್ಲಿ ಓಡಿಸಿ ತೋರಿಸು ಎಂದರು, ತೋರಿಸಿದಳು. ಸಂಜೆಯ ಟ್ರಾಫಿಕ್ಕಿನಲ್ಲಿ, ನಮ್ಮ ಮನೆಯ ದಾರಿಯಲ್ಲಿ ಸಿಗುವ ಅಲ್ ರಯ್ಯಾನ್ ಪೇಟೆ ದಾಟು ಎಂದರು, ದಾಟಿದಳು. ದುಖಾನ್ ರಸ್ತೆಯೇ ಕೊನೆಯ ಪರೀಕ್ಷೆ ಎಂದರು. ಉದ್ದಕ್ಕೂ ನೇರ ರಸ್ತೆ, ಎರಡೂ ಕಡೆ ಮರಳು, ಎಲ್ಲೋ ಒಂದಿಷ್ಟು ಒಂಟೆಗಳು. ಅಂಥ ರಸ್ತೆಯಲ್ಲಿ ಬೇಸರವೇ ದೊಡ್ಡ ಅಪಾಯವಂತೆ. ಅದನ್ನೂ ಓಡಿಸಿಕೊಂಡು ನಮ್ಮ ಮನೆಗೆ ಬಂದಳು. ಒಮ್ಮೆಯಲ್ಲ, ಹಲವು ಸಲ. ಆದರೂ ಟ್ಯಾಗ್ ಹಳದಿಯೇ.

ಒಂದು ಮಧ್ಯಾಹ್ನ ನಮ್ಮ ಊಟದ ಮೇಜಿನ ಮೇಲೆ ಅದು ಸಿಡಿಯಿತು.

"ಚಿಕ್ಕಮ್ಮಾ, ನೀವೇ ಕೇಳಿ. ಇನ್ನು ಎಂತ ಪೆಂಡಿಂಗ್ ಇದೆ ಅಂತ. ಅಪ್ಪನಿಗೆ ನನ್ನ ಮೇಲೆ ಟ್ರಸ್ಟ್ ಇಲ್ಲ, ಅಷ್ಟೇ."

"ನಿನ್ನ ಮೇಲೆ ನಂಬಿಕೆ ಉಂಟು ಮಗಾ. ಉಳಿದವರ ಮೇಲೆ ಇಲ್ಲ," ಎಂದರು ಭಾವ.

"ಉಳಿದವರು ಯಾವಾಗ ಸರಿ ಆಗುದು? ಅಲ್ಲಿವರೆಗೆ ನಾನು ವೇಟ್ ಮಾಡ್ಬೇಕಾ?"

ಎಂಥ ಪ್ರಶ್ನೆ ನೋಡಿ! ಭಾವ ಸಾರಿನ ಪಾತ್ರೆ ಹತ್ತಿರಕ್ಕೆ ಎಳೆದುಕೊಂಡು, ಅದಾಗಲೇ ಸಾರಿನಲ್ಲಿ ತೇಲುತ್ತಿದ್ದ ಅನ್ನಕ್ಕೆ ಇನ್ನೂ ಒಂದು ಸೌಟು ಹಾಕಿಕೊಂಡರು. ಧನ್ಯಾಳ ಕಣ್ಣು ತುಂಬಿತ್ತು. "ಸರಿ. ಇನ್ನು ನಾನು ಕೇಳುದಿಲ್ಲ. ನೀವಾಗಿಯೇ ಕೊಡ್ಬೇಕು. ಕೊಡುವ ಹಾಗೆ ಮಾಡ್ತೇನೆ," ಎಂದಳು. ಅಪ್ಪನ ಮಗಳೇ ತಾನೇ! ಅಂದಿನಿಂದ ಅವಳು ಟ್ಯಾಗಿನ ಮಾತೆತ್ತಲಿಲ್ಲ. ಗೊಣಗದೆ ಭಾಷಣ ಕೇಳಿದಳು, ಟೈರು ನೋಡಿದಳು, ಬೆಕ್ಕುಗಳಿಗೆ ನೋಟೀಸು ಕೊಟ್ಟಳು. ಪಕ್ಕದಿಂದ ದಡ್ ಎಂದಾಗ ಹುಬ್ಬು ಗಂಟಿಕ್ಕಲಿಲ್ಲ. ಇತ್ತ ಅಪ್ಪನದು ಒಂದು ಪಟ್ಟು, ಅತ್ತ ಮಗಳದು ಇನ್ನೊಂದು. ನಡುವೆ ಸಿಕ್ಕಿಕೊಂಡವಳು ನಮ್ಮ ಅಕ್ಕ. ಅವಳು ಫೋನಿನಲ್ಲಿ, "ಈ ಮನೆಯಲ್ಲಿ ಬ್ರೇಕ್ ಇಬ್ಬರಿಗೂ ಉಂಟು, ರಿವರ್ಸ್ ಗೇರ್ ಒಬ್ಬರಿಗೂ ಇಲ್ಲ," ಎಂದು ನಿಟ್ಟುಸಿರು ಬಿಡುತ್ತಿದ್ದಳು.

ಹೀಗಿರುವಾಗ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಒಂದು ಶುಕ್ರವಾರ ಅಪ್ಪ ಮಗಳು ಇಬ್ಬರೇ ನಮ್ಮ ಮನೆಗೆ ಬರುವವರಿದ್ದರು. ಆ ವಾರವೆಲ್ಲ ಭಾವನಿಗೆ ಸೈಟಿನಲ್ಲಿ ತುಂಬಾ ಕೆಲಸವಿತ್ತಂತೆ. ಗೇಟಿನ ಮುಂದೆ ಕಾರು ನಿಂತ ಸದ್ದು ಕೇಳಿ ನಾವು ಹೊರಗೆ ಬಂದೆವು. ಧನ್ಯಾ ಗಾಜು ಇಳಿಸಿ, ತುಟಿಯ ಮೇಲೆ ಬೆರಳಿಟ್ಟು "ಶ್..." ಎಂದಳು. ಬಗ್ಗಿ ನೋಡುತ್ತೇನೆ, ಪಕ್ಕದ ಸೀಟಿನಲ್ಲಿ ಕತಾರಿನ ಅತ್ಯಂತ ಎಚ್ಚರದ ಮನುಷ್ಯ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಾರೆ! ಬಲಗಾಲು ಮ್ಯಾಟಿನ ಮೇಲೆ ಸುಮ್ಮನೆ ಬಿದ್ದುಕೊಂಡಿದೆ.

ನನ್ನ ಗಂಡ ಸುಮ್ಮನಿರಬೇಕಲ್ಲ? ಕಿಟಕಿಯನ್ನು ಮೆಲ್ಲಗೆ ತಟ್ಟಿದರು. ಭಾವ ಬೆಚ್ಚಿ ಎದ್ದರು, ದಡ್ ಎಂದು ಕಾಲು ಒತ್ತಿದರು, ಆಮೇಲೆ ಗೇಟು ನೋಡಿದರು, ನಮ್ಮನ್ನು ನೋಡಿದರು, ಮಗಳನ್ನು ನೋಡಿದರು. ಸಾರುವೆಯ ತುದಿಯಲ್ಲಿ ನಿದ್ದೆ ಮಾಡುವಾಗ ಸಿಕ್ಕಿಬಿದ್ದ ಕೆಲಸದವನಂತಾಗಿತ್ತು ಅವರ ಮುಖ.

"ಎಲ್ಲಿಂದ ನಿದ್ದೆ ಬಂತು ಭಾವ?" ಎಂದರು ನನ್ನ ಗಂಡ.

"ಅಲ್ ರಯ್ಯಾನ್ ದಾಟಿದ್ದು ಗೊತ್ತುಂಟು..."

"ಓಹೋ! ಅಲ್ಲಿಂದ ಇಲ್ಲೀವರೆಗೂ ಗಾಡಿ ಓಡ್ಸಿದ್ದು ಯಾರು ಹಂಗಾದ್ರೆ?"

ಭಾವ ಬೆಲ್ಟ್ ಬಿಚ್ಚಲಿಲ್ಲ. ಕೂತಲ್ಲಿಂದಲೇ ಶರ್ಟಿನ ಜೇಬಿಗೆ ಕೈ ಹಾಕಿ ಏನನ್ನೋ ತೆಗೆದರು. ಹಸಿರು ಟ್ಯಾಗ್! ಅಂಚೆಲ್ಲ ಮಡಚಿ, ಬಣ್ಣ ಮಾಸಿ, ಎಷ್ಟೋ ದಿನದಿಂದ ಜೇಬಿನಿಂದ ಜೇಬಿಗೆ ಓಡಾಡಿದಂತಿತ್ತು. ಅಂದರೆ ಕೊಡಬೇಕೆಂದು ಅವರು ಯಾವತ್ತೋ ತೀರ್ಮಾನಿಸಿದ್ದರು. ಕೈ ಮಾತ್ರ ಬರುತ್ತಿರಲಿಲ್ಲ.

"ತಕೋ," ಎಂದರು. "ನಿದ್ದೆ ಬಂತಲ್ಲ, ಇನ್ನೆಂತ ಹೇಳುದು? ಹೆದರಿಕೆ ಇದ್ದಲ್ಲಿ ನನಗೆ ನಿದ್ದೆ ಬರುದಿಲ್ಲ."

ಧನ್ಯಾ ಕುಣಿಯಲಿಲ್ಲ. ಟ್ಯಾಗನ್ನು ಎರಡೂ ಕೈಗಳಲ್ಲಿ ತೆಗೆದುಕೊಂಡಳು.

ಮುಂದಿನ ಶುಕ್ರವಾರ ಅವಳು ಒಬ್ಬಳೇ ಬರುವುದೆಂದು ನಿಶ್ಚಯವಾಯಿತು. ಹೊರಟ ಸುದ್ದಿ ಅಕ್ಕ ಫೋನ್ ಮಾಡಿ ತಿಳಿಸಿದಳು. ಧನ್ಯಾಳ ಫೋನು ನಿಯಮದ ಪ್ರಕಾರ ಡಿಕ್ಕಿಯಲ್ಲಿ. ಹಾಗಾಗಿ ಎಲ್ಲಿ ತಲುಪಿದಳೆಂದು ಕೇಳುವ ದಾರಿಯಿಲ್ಲ. ಈ ನಿಯಮ ಮಾಡಿದವರು ಯಾರೆಂದು ಭಾವನಿಗೆ ನೆನಪಿಸುವ ಧೈರ್ಯ ಯಾರಿಗಿದೆ? ಸ್ವಲ್ಪ ಹೊತ್ತಿಗೆ ಅಕ್ಕ ಮತ್ತೆ ಫೋನ್ ಮಾಡಿದಳು.

"ನಿನ್ನ ಭಾವ ಸೋಫಾದಲ್ಲಿ ಕೂತಿದ್ದಾರೆ ಮಾರಾಯ್ತಿ. ಟೀವಿ ಹಾಕಿದ್ದಾರೆ, ನೋಡುದಿಲ್ಲ. ಬಲಗಾಲು ಮಾತ್ರ ಕಾರ್ಪೆಟ್ಟಿಗೆ ಒತ್ತಿಕೊಂಡೇ ಉಂಟು. ಚಾ ಕೊಟ್ಟೆ, ತಣ್ಣಗಾಯ್ತು."

ನಗಬೇಕೆಂದುಕೊಂಡೆ. ನಗು ಬರಲಿಲ್ಲ. ನಾನೂ ಗೇಟಿನ ಹತ್ತಿರ ಹೋಗಿ ನಿಂತೆ. ನನ್ನ ಗಂಡ ಬಂದು, "ಬರ್ತಾಳೆ ಬಿಡು, ಒಳಗ್ ಬಾ," ಎಂದವರು ತಾವೂ ಅಲ್ಲೇ ನಿಂತರು. ಬಿಸಿಲು ಏರುತ್ತಿತ್ತು.

ಕೊನೆಗೆ ಆ ಬಿಳಿ ಕಾರು ತಿರುವಿನಲ್ಲಿ ಕಾಣಿಸಿತು. ನಿಧಾನವಾಗಿ ಬಂದು, ಇಂಡಿಕೇಟರ್ ಹಾಕಿ, ಯಾರೂ ಇಲ್ಲದ ರಸ್ತೆಯಲ್ಲಿ ಶಿಸ್ತಾಗಿ ನಿಂತಿತು. ಧನ್ಯಾ ಇಳಿದಳು. ನಾನು ಅಪ್ಪಿಕೊಂಡಾಗ ಅವಳು ಬಿಗಿಯಾಗಿ ಹಿಡಿದುಕೊಂಡು ಬಿಡಲೇ ಇಲ್ಲ.

"ಎಂತ ಆಯ್ತು ಮಗಾ?"

"ಏನೂ ಆಗ್ಲಿಲ್ಲ ಚಿಕ್ಕಮ್ಮ. ಆಗ್ತಿತ್ತು," ಎಂದಳು. ಒಂಟೆಗಳ ಜಾಗ ದಾಟಿದ ಮೇಲೆ ಒಣಹುಲ್ಲು ತುಂಬಿದ ಒಂದು ಪಿಕಪ್ಪು ಪಕ್ಕದ ಮಣ್ಣು ದಾರಿಯಿಂದ ಹಿಂದೆ ಮುಂದೆ ನೋಡದೆ ರಸ್ತೆಗೆ ನುಗ್ಗಿತಂತೆ. "ನಾನು ನೋಡಿರ್ಲೇ ಇಲ್ಲ. ಐ ಸ್ವೇರ್, ನೋಡಿರ್ಲಿಲ್ಲ. ಪಕ್ಕದ ಸೀಟಿಂದ ದಡ್ ಅಂತ ಕೇಳ್ತು. ಅಪ್ಪನ ಕಾಲು. ಕೇಳಿದ ಕೂಡ್ಲೇ ನಾನು ಬ್ರೇಕ್ ಒತ್ತಿದೆ. ಗಾಡಿ ನಿಂತ ಮೇಲೆ ತಿರುಗಿ ನೋಡಿದೆ. ಸೀಟಲ್ಲಿ ಯಾರೂ ಇಲ್ಲ ಚಿಕ್ಕಮ್ಮ."

ಹೇಳುತ್ತಾ ಹೇಳುತ್ತಾ ಅವಳಿಗೆ ಅಳು ಬಂತು. ನನಗೂ ಬಂತು. ತೆರೆದ ಬಾಗಿಲಿನಿಂದ ಕಾರಿನೊಳಗೆ ನೋಡಿದೆ. ಆ ಖಾಲಿ ಸೀಟಿಗೂ ಬೆಲ್ಟ್ ಹಾಕಿತ್ತು. ಅಕ್ಕ ಗಾಡಿಗೆಲ್ಲ ಹೊಸ ಮ್ಯಾಟು ಹಾಕಿಸಿದ್ದಳು. ಬಲಗಡೆ ಮುಂದಿನದು ಮಾತ್ರ ಹಳೆಯದೇ ಇತ್ತು, ಸವೆದ ಜಾಗದ ಸಮೇತ.

ಡಿಕ್ಕಿ ತೆಗೆದು, ಫೋನ್ ಹೊರಗೆತ್ತಿ, ಮುಖ ಒರೆಸಿಕೊಂಡು ಅವಳು ಅಪ್ಪನಿಗೆ ಫೋನ್ ಮಾಡಿದಳು. ಒಂದು ರಿಂಗ್ ಪೂರ್ತಿ ಆಗುವ ಮೊದಲೇ ಆಚೆ ಕಡೆಯಿಂದ ಭಾವ ಎತ್ತಿದರು.

"ಮುಟ್ಟಿದೆ ಅಪ್ಪ."

"ಹಾಂ. ದಾರಿಯಲ್ಲಿ ತೊಂದರೆ ಎಂತದೂ ಆಗ್ಲಿಲ್ಲ ಅಲ್ವಾ?" ಅವರ ಸ್ವರ ನನಗೂ ಕೇಳಿಸುತ್ತಿತ್ತು.

ಧನ್ಯಾ ಬಗ್ಗಿ ಆ ಹಳೆಯ ಮ್ಯಾಟಿನ ಮೇಲೆ ಒಮ್ಮೆ ಕೈಯಾಡಿಸಿದಳು.

"ಇಲ್ಲ ಅಪ್ಪ," ಎಂದಳು. "ನಿಮ್ಮ ಬ್ರೇಕ್ ಚೆನ್ನಾಗಿ ಹಿಡೀತದೆ."